ಡ್ಯಾಮಿನ ನೀರಿಗೆ ಲೆಕ್ಕ ಐತಿ, ಹೊಳಿ ಮೀನಿಗೆ?

ಆಲಮಟ್ಟಿ ತುಂಬಿದ್ರ 123 ಟಿಎಂಸಿ, ಹಿಡಕಲ್ 51, ಇದನ್ನ ಬಾಗಲಕೋಟಿ ಬೆಳಗಾವಿ ಕಡೆ ಚಾದಂಗಡ್ಯಾಗ ಕುಂತ ಯಾರನ್ನ ಕೇಳಿದ್ರೂ ಹೇಳ್ತಾರ, ಮಳಿಗಾಲದಾಗಂತೂ ಒಳಹರಿವು ಹೊರಹರಿವು ದಿನಾ ಪೇಪರ್‌ನ್ಯಾಗ ಬರ್ತೈತಿ. ಅದೇ ಹೊಳ್ಯಾಗ ತಾನಾಗೇ ಹುಟ್ಟಿ ಬೆಳಿಯೋ ಮೀನು ಎಷ್ಟದಾವ ಅಂತ ಕೇಳ್ರಿ, ಎಲ್ಲಾರೂ ಸುಮ್ನಾಗ್ತಾರ. ನಮಗ ಗೊತ್ತಿರೋದು ಬಲಿಗೆ ಬಿದ್ದು ದಂಡಿಗೆ ಬಂದ ಮೀನಿನ ತೂಕ ಅಷ್ಟ, ಅದರಾಗೂ ಮರಿ ತಂದು ಬಿಟ್ಟ ಕಾಟ್ಲಾ, ರೋಹುನ ಭಾಳ.

ನೀರಾಗ ಇಳಿದು ಕಣ್ಣಿಂದ ಮೀನು ಎಣಿಸೋದು ಸಮುದ್ರದ ಕಡೆ ಮೊದ್ಲಿಂದ ಐತಿ. 1954ರಾಗ ವರ್ನನ್ ಬ್ರಾಕ್ ಅನ್ನೋ ವಿಜ್ಞಾನಿ ಹವಾಯಿಯ ಹವಳದ ದಿಬ್ಬದ ಮೀನು ಎಣಿಸೋ ಪದ್ಧತಿ ಬರದಿಟ್ರು. ಹೊಳಿಯೊಳಗ ಆಗ ಬಲಿ ಹಾಕೋದು, ಇಲ್ಲಾ ನೀರಿಗೆ ಕರೆಂಟ್ ಬಿಟ್ಟು ಮೀನನ್ನ ಮಂಪರ ಮಾಡಿ ಹಿಡಿಯೋದು, ಇದ್ರಾಗ ಕೆಲವಕ್ಕ ಬೆನ್ನೆಲುಬಿಗೇ ಪೆಟ್ಟಾಗ್ತಿತ್ತು. 1973ರಾಗ ಅಮೆರಿಕಾದಾಗ ಅಳಿವಿನಂಚಿನ ಜೀವಿಗಳ ಕಾಯ್ದೆ ಬಂತು, ಉಳಿದದ್ದ ನಾಕು ಮೀನಂದ್ರ ಅವನ್ನ ಹಿಂಗ ನೋಯ್ಸಿ ಎಣಿಸೋದರಾಗ ಅರ್ಥ ಏನೈತಿ? ಅದಕ್ಕ ಆ ದೇಶದ ಪಶ್ಚಿಮ ಭಾಗದ ತಿಳಿನೀರಿನ ಹೊಳಿಗಳಾಗ ಸ್ನಾರ್ಕೆಲ್, ಅಂದ್ರ ಬಾಯಾಗ ಉಸುರಿನ ಕೊಳವಿ ಇಟ್ಕೊಂಡು ಮಾರಿ ನೀರಾಗ ಮುಳುಗಿಸಿ ನೋಡೋದು, ಜೋರಾತು, 1994ರಾಗ ಅಲ್ಲಿನ ಅರಣ್ಯ ಇಲಾಖೆ ವಿಜ್ಞಾನಿ ರಸೆಲ್ ಥುರೋ ಬರದ ಇದರ ಕೈಪಿಡಿ ಹೊರಗ ತಂತು.

ಕೆಲಸ ನೋಡಾಕ ಸರಳ. ಮೀನು ಹರಿವಿನ ಕಡೆ ಮಾರಿ ಮಾಡಿ ನಿಲ್ತಾವ, ಹಂಗಾಗಿ ಸಣ್ಣ ಹಳ್ಳದಾಗ ಕೆಳಗಿಂದ ಮ್ಯಾಲ ಹೊಟ್ಟಿ ಮ್ಯಾಲ ತೆವಳ್ಕೋತ ಹೋಗ್ಬೇಕು. ದೊಡ್ಡ ಹೊಳ್ಯಾಗ ಸಾಲಾಗಿ ತೇಲ್ಕೋತ ಕೆಳಗ ಬರೋದು, ಒಬ್ಬೊಬ್ರೂ ತಮ್ಮ ಪಾಲಿನ ನೀರಿನ ಪಟ್ಟಿಯೊಳಗಿಂದಷ್ಟ ಎಣಿಸ್ಬೇಕು, ಇಲ್ಲಂದ್ರ ಒಂದ ಮೀನು ಎರಡು ಸಲ ಬರ್ತೈತಿ. ನೀರು ಭಾಳ ಥಂಡಿ ಇದ್ದಾಗ ಮರಿಗಳು ಹಗಲೆಲ್ಲಾ ಕಲ್ಲ ಬುಡಕ ಅಡಗ್ತಾವ, ಆವಾಗ ರಾತ್ರಿ ಬ್ಯಾಟರಿ ಹಿಡ್ಕೊಂಡ ಇಳೀತಾರ.

ಕ್ಯಾಲಿಫೋರ್ನಿಯಾದ ಸ್ಯಾಮನ್ ರಿವರ್‌ನ್ಯಾಗ ಊರ ಮಂದಿ, ಕಾರುಕ್ ಬುಡಕಟ್ಟಿನವ್ರು, ಅಧಿಕಾರಿಗಳು ಕೂಡಿ ವರ್ಷಾ ಬ್ಯಾಸಿಗ್ಯಾಗ ಇಳೀತಾರ. ಚಿನೂಕ್ ಮೀನು ವಸಂತದಾಗ ಸಮುದ್ರದಿಂದ ಮ್ಯಾಲ ಬಂದು ಆಳದ ಮಡುವಿನ್ಯಾಗ ತಂಪಿಗೆ ನಿಂತಿರ್ತಾವ, ಎಣಿಸಾಕ ಅದ ಹೊತ್ತು. ಕೆಲವು ವರ್ಷ ನೂರರ ಆಸುಪಾಸಿಗೆ ಇಳಿದ್ವು. ಆ ಮೀನಿಗೆ ರಕ್ಷಣೆ ಬೇಕಂತ 2018ರಾಗ ಅರ್ಜಿ ಹೋತು, 2021ರಾಗ ರಾಜ್ಯ ಸರ್ಕಾರ ಒಪ್ಪಿತು. ಪಗಾರ ಇಲ್ದ ನೀರಿಗಿಳಿದವ್ರ ಲೆಕ್ಕ ಅಷ್ಟು ಕೆಲಸ ಮಾಡ್ತು ಅನ್ನೋದ ನನಗ ದೊಡ್ಡದು.

ನಮ್ಮ ಕೃಷ್ಣಾದಾಗ ಹಂಗ ಇಳಿಯಾಕ ಆಗಂಗಿಲ್ಲ, ನೀರು ರಾಡಿ, ಮೊಸಳಿ ಅದಾವ, ಯಾರೂ ಆ ಸಾಹಸಕ್ಕ ಹೋಗಬ್ಯಾಡ್ರಿ. ಆದ್ರ ಮಲಪ್ರಭಾ ಹುಟ್ಟೋ ಕಣಕುಂಬಿ, ಖಾನಾಪುರದ ಕಡೆ ಮಳಿ ನಿಂತ ಮ್ಯಾಲ ನೀರು ತಿಳಿ ಆಗ್ತೈತಿ. ಕೃಷ್ಣಾ ಕೊಳ್ಳದ ಮಹಶೀರ್ ಮೀನಿಗೆ ಸೈಕ್ಸ್ ಅನ್ನೋ ಬ್ರಿಟಿಷ್ ಕರ್ನಲ್ 1839ರಾಗ ಹೆಸರಿಟ್ರು, ಹೆಸರು ಬಂದು ಇಷ್ಟು ವರ್ಷಾದ್ರೂ ಎಣಿಕಿ ಎಲ್ಲೈತಿ?

ಹ್ವಾದ ಜನವರ್ಯಾಗ ಆ ಕಡೆ ಎದಿಮಟ್ಟದ ಒಂದು ಮಡುವಿನ್ಯಾಗ ಈಜೋ ಕನ್ನಡಕ ಹಾಕ್ಕೊಂಡು ನಾನ ಮುಳುಗಿ ನೋಡಿದೆ. ಬೆರಳುದ್ದದ ಬೆಳ್ಳನ ಮೀನು, ಹದಿನಾಕು. ದಂಡಿಮ್ಯಾಗ ಬಲಿ ಬಿಡಸ್ಕೋತ ಕುಂತ ಕಾಕಾ ಕೇಳಿದ್ರು, "ತಮ್ಮಾ, ಆ ಹಾಸುಗಲ್ಲಿನ ಬುಡಕ ಹಣಿಕಿ ನೋಡಿದ್ಯೇನು?" ನೋಡಿರಲಿಲ್ಲ. ಮತ್ತ ಮುಳುಗಿದೆ, ಕಲ್ಲಿನ ನೆರಳಾಗ ಒತ್ತೊತ್ತಾಗಿ ನಿಂತಿದ್ವು, ಎಣಿಸೂದ್ರಾಗ ಉಸುರು ಮುಗೀತು. ಮೂರನೇ ಸಲಕ್ಕ ಮೂವತ್ತೊಂದು ಅಂತ ಬರ್ಕೊಂಡೆ.