'ಜೀನ್ ಮೇಲೇ ಕೆಲಸ ಮಾಡುತ್ತಂತೆ, ಡಾಕ್ಟ್ರೇ'

ಪಿಯುಸಿ ಓದುವ ಹುಡುಗ. ಫಿಟ್ಸ್‌ಗೆ ಫೆನಿಟಾಯಿನ್ ಮಾತ್ರೆ ನಡೆಯುತ್ತಿದೆ. ಪರೀಕ್ಷೆ ಹತ್ತಿರ ಬಂತು ಅಂತ ಅವನಮ್ಮ ಅರಿಶಿನದ ಸಾರದ ಕ್ಯಾಪ್ಸೂಲ್ ತಂದಿದ್ದರು. "ಮಿದುಳಿನ ಜೀನ್ ಮೇಲೇ ಕೆಲಸ ಮಾಡುತ್ತಂತೆ. ಅಂದ್ಮೇಲೆ ನೆನಪಿಗೆ ಒಳ್ಳೇದಲ್ವಾ?" ಎಂದು ಕೇಳಿದರು.

ಮೊದಲ ಮಾತು ಪೂರ್ತಿ ಸುಳ್ಳಲ್ಲ. ಕೇಳಬೇಕಾದ್ದು, ಏನು ಕೆಲಸ ಮಾಡುತ್ತದೆ ಅಂತ.

ಬುಗುರಿಗೆ ದಾರ ಸುತ್ತಿದ ಹಾಗೆ ನಮ್ಮ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಬಿಗಿಯಾಗಿದ್ದರೆ ಆ ಜಾಗದ ಜೀನ್ ಸುಮ್ನೆ ಕೂತಿರುತ್ತದೆ. ಪಿ-300 ಎಂಬ ಕಿಣ್ವ ಹಿಸ್ಟೋನಿಗೆ ಅಸಿಟೈಲ್ ಅನ್ನುವ ಚಿಕ್ಕ ತುಣುಕು ಅಂಟಿಸಿದರೆ ಸುತ್ತು ಸಡಿಲವಾಗುತ್ತದೆ, ಜೀನ್ ಎಚ್ಚರಗೊಳ್ಳುತ್ತದೆ. ಇವತ್ತು ಕಲಿತದ್ದು ನಾಳೆಗೂ ಉಳಿಯಬೇಕಾದರೆ ಮಿದುಳಿನ ಕೋಶಗಳಲ್ಲಿ ಈ ಸಡಿಲಿಕೆ ಬೇಕು.

ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಒಂದು ವಿಷಯ ತೋರಿಸಿತು. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಈ ಪಿ-300ರ ಕೈ ಕಟ್ಟುತ್ತದೆ. ನಮ್ಮ ಕರಾವಳಿಯ ಪುನರ್ಪುಳಿ ಸಿಪ್ಪೆಯ ಗಾರ್ಸಿನಾಲ್ ಕೂಡ ಅದೇ ಜಾತಿಯದು ಅಂತ ಅದೇ ವರ್ಷ ಗೊತ್ತಾಯಿತು. ಅಂದರೆ ಇವೆರಡೂ ಜೀನ್ ಎಬ್ಬಿಸುವ ಕೆಲಸಕ್ಕೆ ಅಡ್ಡ ಬರುವಂಥವು!

ಆಮೇಲೆ ಅಮೆರಿಕದಲ್ಲಿ ಇಲಿಗಳ ಮೇಲೆ ನೋಡಿದರು. ಒಂದು ಸದ್ದು ಕೇಳಿಸಿ, ಕಾಲಿಗೆ ಸಣ್ಣ ಶಾಕ್ ಕೊಟ್ಟು, ಆ ಸದ್ದಿಗೆ ಹೆದರುವುದನ್ನು ಕಲಿಸಿದರು. ಬೆನ್ನಿಗೇ ಮಿದುಳಿನಲ್ಲಿ ಭಯದ ನೆನಪು ಕೂರುವ ಅಮಿಗ್ಡಲಾ ಎಂಬ ಭಾಗಕ್ಕೆ ನೇರವಾಗಿ ಗಾರ್ಸಿನಾಲ್ ಬಿಟ್ಟರು. ಇಲಿಗಳಿಗೆ ಭಯ ಆಗಷ್ಟೇ ನೆನಪಿತ್ತು, ಮರುದಿನಕ್ಕೆ ಮಾಸಿತ್ತು. ಇದು 2013ರ ಕೆಲಸ. 2015ರಲ್ಲಿ ಅದೇ ತಂಡ ಇಲಿಗಳ ಆಹಾರಕ್ಕೆ 1.5% ಕರ್ಕ್ಯುಮಿನ್ ಬೆರೆಸಿ ನೋಡಿತು. ಆಗಲೂ ಭಯದ ನೆನಪು ಸರಿಯಾಗಿ ಕೂರಲಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದೇ ಸುಮಾರು 3%. ಅಂದರೆ ಊಟದ ಅರ್ಧ ಭಾಗ ಅರಿಶಿನವೇ ತಿಂದ ಲೆಕ್ಕ. ಹಾಗಾಗಿ ಪುನರ್ಪುಳಿ ಶರಬತ್ತು ಕುಡಿದವರು, ಅರಿಶಿನದ ಹಾಲು ಕುಡಿದವರು ಗಾಬರಿಯಾಗಬೇಕಿಲ್ಲ. ಕೆಟ್ಟ ಘಟನೆಯ ಭಯ ಬೆನ್ನು ಬಿಡದೆ ನರಳುವವರಿಗೆ ಮುಂದೊಂದು ದಿನ ಇದರಿಂದ ಉಪಯೋಗ ಆಗಬಹುದೇನೋ. ಪರೀಕ್ಷೆಗೆ ಕೂರುವ ಹುಡುಗನಿಗೆ ಬೇಕಾದದ್ದು ಇದರ ಉಲ್ಟಾ, ಅಲ್ವಾ?

ನನಗೆ ನಿಜಕ್ಕೂ ಚಿಂತೆಯಾದದ್ದು ಜೀನಿನದ್ದಲ್ಲ, ಡಬ್ಬಿಯ ಹಿಂದೆ ಚಿಕ್ಕ ಅಕ್ಷರದಲ್ಲಿದ್ದ ಕಾಳುಮೆಣಸಿನ ಸಾರದ್ದು. ಕರ್ಕ್ಯುಮಿನ್ ಒಂದನ್ನೇ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಅಂದಿನಿಂದ ಇಂಥ ಕ್ಯಾಪ್ಸೂಲ್‌ಗಳಿಗೆ ಮೆಣಸು ಸೇರಿಕೊಂಡಿತು. ಆದರೆ ಮೆಣಸು ಕರ್ಕ್ಯುಮಿನ್‌ಗೆ ಮಾತ್ರ ಬಾಗಿಲು ತೆಗೆಯುವುದಿಲ್ಲ. ಪೈಪರಿನ್ ಫೆನಿಟಾಯಿನ್ ಮಟ್ಟವನ್ನೂ ಏರಿಸುತ್ತದೆ. ಫೆನಿಟಾಯಿನ್ ಸ್ವಲ್ಪ ಜಾಸ್ತಿಯಾದರೂ ತಲೆ ತಿರುಗುತ್ತದೆ, ನಡಿಗೆ ತಪ್ಪುತ್ತದೆ.

"ವಾರದಿಂದ ಮಂಕಾಗಿದ್ದಾನೆ, ಓದಿ ಓದಿ ಸುಸ್ತು ಅಂದ್ಕೊಂಡಿದ್ದೆ" ಎಂದರು ಅಮ್ಮ. ರಕ್ತದಲ್ಲಿ ಫೆನಿಟಾಯಿನ್ ಎಷ್ಟಿದೆ ನೋಡಲು ಚೀಟಿ ಬರೆದೆ. ಕ್ಯಾಪ್ಸೂಲ್ ನಿಲ್ಲಿಸಿ, ಫಿಟ್ಸ್ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸಬೇಡಿ ಎಂದೆ.

ಬಾಗಿಲವರೆಗೆ ಹೋದವರು ತಿರುಗಿ ಬಂದರು. "ಸಾರಿಗೆ ಮೆಣಸು ಹಾಕ್ಬಹುದಾ?"

"ಎಂದಿನಷ್ಟು ಹಾಕಿ. ಲೋಟ ತುಂಬ ಮೆಣಸಿನ ಕಷಾಯ ಮಾಡಿ ಮಾತ್ರೆ ಜೊತೆ ಕುಡಿಸಬೇಡಿ."