ಒಂದು ಲಕ್ಷ ಜನ ಕೂರುವ ಎಂಸಿಜಿ ಇರುವಾಗ ಹಳೇ ಕೆಸರು ಮೈದಾನಗಳ ನೆನಪೇಕೆ?

ಪ್ರಶ್ನೆ: ಮೆಲ್ಬರ್ನ್‌ಗೆ ಬಂದ ಮೇಲೆ ನಾವೂ ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ನೋಡುವುದನ್ನು ಕಲಿತೆವು. ಎಂಸಿಜಿಯಲ್ಲಿ (ಮೆಲ್ಬರ್ನ್ ಕ್ರಿಕೆಟ್ ಮೈದಾನ) ಒಳ್ಳೆ ಸೀಟು, ದೊಡ್ಡ ಪರದೆ, ಬಾಗಿಲಿಗೇ ರೈಲು. ಇಷ್ಟಿದ್ದರೂ ಇಲ್ಲಿನ ಹಿರಿಯರು ವಿಕ್ಟೋರಿಯಾ ಪಾರ್ಕ್, ವಿಂಡಿ ಹಿಲ್, ಮೂರಾಬಿನ್ ಎಂದು ಹಳೇ ಮೈದಾನಗಳನ್ನೇ ನೆನೆಯುತ್ತಾರೆ. ಅಲ್ಲಿ ಕೂರಲು ಜಾಗ ಇರಲಿಲ್ಲ, ಮಳೆ ಬಂದರೆ ನೆನೆಯಬೇಕಿತ್ತು ಅಂತಲೂ ಅವರೇ ಹೇಳುತ್ತಾರೆ. ಮತ್ತೆ ಯಾಕಿಷ್ಟು ಪ್ರೀತಿ?

ಉತ್ತರ: ಹೊಸದಾಗಿ ಬಂದ ಕನ್ನಡಿಗರು ಆಗಾಗ ಕೇಳುವ ಪ್ರಶ್ನೆ ಇದು. ಉತ್ತರಕ್ಕೆ ಮೊದಲು ಲೀಗ್‌ನ ಅಂಕಪಟ್ಟಿ ನೋಡಿ. ಕಾಲಿಂಗ್‌ವುಡ್, ಕಾರ್ಲ್‌ಟನ್, ಎಸೆಂಡನ್, ಹಾಥಾರ್ನ್, ರಿಚ್ಮಂಡ್, ಸೇಂಟ್ ಕಿಲ್ಡಾ. ಇವೆಲ್ಲ ಬಡಾವಣೆಗಳ ಹೆಸರು. ಆದರೆ ಇವುಗಳಲ್ಲಿ ಒಂದು ಕ್ಲಬ್ಬೂ ಈಗ ತನ್ನ ಹಳೇ ಮೈದಾನದಲ್ಲಿ ಪುರುಷರ ಲೀಗ್ ಪಂದ್ಯ ಆಡುವುದಿಲ್ಲ. ಹೆಸರು ಉಳಿಯಿತು, ನೆಲ ಹೋಯಿತು. ಹಿರಿಯರ ಸಂಕಟದ ಬೇರು ಇಲ್ಲಿದೆ.

ಈ ಆಟ ಹುಟ್ಟಿದ್ದೇ ಕ್ರಿಕೆಟ್ ಮೈದಾನದ ಆಸರೆಯಲ್ಲಿ. ಚಳಿಗಾಲದಲ್ಲಿ ಕ್ರಿಕೆಟಿಗರು ಸುಮ್ನೆ ಕೂರಬಾರದು, ಒಂದು ಫುಟ್‌ಬಾಲ್ ಕ್ಲಬ್ ಕಟ್ಟೋಣ ಎಂದು ಕ್ರಿಕೆಟಿಗ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಗೆ ಪತ್ರ ಬರೆದರು. ಮರುವರ್ಷ ನಿಯಮಗಳನ್ನು ಬರೆದಿಟ್ಟರು. ಬೇಸಿಗೆಯಲ್ಲಿ ಕ್ರಿಕೆಟ್, ಚಳಿಗಾಲದಲ್ಲಿ ಫುಟಿ, ಮೈದಾನ ಒಂದೇ. ಅಂಗಳ ಮೊಟ್ಟೆಯಾಕಾರದಲ್ಲಿ ಇರುವುದೂ ಅದಕ್ಕೇ. ವಿಎಫ್‌ಎಲ್ (ವಿಕ್ಟೋರಿಯನ್ ಫುಟ್‌ಬಾಲ್ ಲೀಗ್) ಎಂಬ ಲೀಗ್ 1897ರಲ್ಲಿ ಎಂಟು ಕ್ಲಬ್‌ಗಳೊಂದಿಗೆ ಶುರುವಾಯಿತು. 1925ರ ಹೊತ್ತಿಗೆ 12 ಆದವು. ಜೀಲಾಂಗ್ ಒಂದನ್ನು ಬಿಟ್ಟರೆ ಎಲ್ಲವೂ ಮೆಲ್ಬರ್ನ್‌ನವು. ಎಷ್ಟೋ ಮೈದಾನಗಳ ನಡುವೆ ನಡೆದೇ ಹೋಗುವಷ್ಟು ದೂರ.

ಬಹುಕಾಲ ಆರೂ ಪಂದ್ಯ ಶನಿವಾರ ಮಧ್ಯಾಹ್ನವೇ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ನಡೆಯುತ್ತಿದ್ದವು. ನೀವು ನಿಂತ ಮೈದಾನದ ಸ್ಕೋರ್‌ಬೋರ್ಡ್‌ನಲ್ಲಿ ಉಳಿದ ಪಂದ್ಯಗಳ ಸ್ಕೋರೂ ಕಾಣುತ್ತಿತ್ತು, ಆದರೆ ತಂಡಗಳ ಹೆಸರಿನ ಬದಲು ಬರೀ ಅಕ್ಷರ. ಯಾವ ಅಕ್ಷರ ಯಾವ ತಂಡದ್ದು ಅಂತ ತಿಳಿಯಲು ‘ಫುಟ್‌ಬಾಲ್ ರೆಕಾರ್ಡ್’ ಎಂಬ ಪುಟ್ಟ ಪತ್ರಿಕೆ ಕೊಳ್ಳಬೇಕಿತ್ತು. 1912ರಿಂದ ಬರುತ್ತಿರುವ ಪತ್ರಿಕೆ ಅದು. ಬೋರ್ಡ್ ಮೇಲೆ ಒಂದು ಅಂಕಿ ಬದಲಾದರೆ ಸಾಕು, ಇಡೀ ಗುಂಪು ಕೈಯಲ್ಲಿದ್ದ ಪುಟ ತಿರುವುತ್ತಿತ್ತು. ಊರೆಲ್ಲ ಒಂದೇ ಗಳಿಗೆಯಲ್ಲಿ ಆರು ಕಡೆ ಆಡುತ್ತಿದೆ ಎಂಬ ಅರಿವು ಅಲ್ಲಿ ನಿಂತವರಿಗಿತ್ತು. ಈಗ ಪಂದ್ಯಗಳು ಟಿವಿಗಾಗಿ ವಾರಾಂತ್ಯದ ಉದ್ದಕ್ಕೂ ಹರಡಿಕೊಂಡಿವೆ. ಎಲ್ಲವನ್ನೂ ನೋಡಬಹುದು, ಅದು ಒಳ್ಳೆಯದೇ. ಆದರೆ ಆ ಶನಿವಾರ ಇಲ್ಲ.

ಇನ್ನು ಮೈದಾನಗಳು. ಒಂದರ ಹಾಗೆ ಇನ್ನೊಂದು ಇರಲಿಲ್ಲ, ನನಗೆ ಇದು ತುಂಬ ಮುಖ್ಯ ಅನ್ನಿಸುತ್ತದೆ. ಹಾಥಾರ್ನ್‌ನ ಗ್ಲೆನ್‌ಫೆರಿ ಓವಲ್ ಪಕ್ಕದಲ್ಲೇ ರೈಲು ಹಳಿ. ಅಗಲ ಮಾಡಲು ಜಾಗವೇ ಇಲ್ಲ, ಹಾಗಾಗಿ ಅಂಗಳ ಇಕ್ಕಟ್ಟು. ಆಟವೂ ಇಕ್ಕಟ್ಟಿನಲ್ಲೇ ನಡೆಯಬೇಕು. ಎಸೆಂಡನ್‌ನ ವಿಂಡಿ ಹಿಲ್‌ಗೆ ಹೆಸರು ಬಂದದ್ದೇ ಗಾಳಿಯಿಂದ. ಫುಟ್‌ಸ್ಕ್ರೇಯ ವೆಸ್ಟರ್ನ್ ಓವಲ್‌ನಲ್ಲೂ ಗಾಳಿಯದ್ದೇ ಆಳ್ವಿಕೆ. ಯಾವ ಕ್ವಾರ್ಟರ್‌ನಲ್ಲಿ (ಪಂದ್ಯದ ಕಾಲುಭಾಗದಲ್ಲಿ) ಗಾಳಿ ನಮ್ಮ ಬೆನ್ನಿಗಿದೆ ಎಂಬುದರ ಮೇಲೆ ಪಂದ್ಯದ ಲೆಕ್ಕಾಚಾರ. ನಾರ್ತ್ ಮೆಲ್ಬರ್ನ್‌ನ ಆರ್ಡನ್ ಸ್ಟ್ರೀಟ್‌ನಲ್ಲಿ ಗೋಲ್ ಕಂಬಗಳ ಹಿಂದೆ ದೊಡ್ಡ ಗ್ಯಾಸ್ ಟ್ಯಾಂಕ್ ಎದ್ದು ನಿಂತಿತ್ತು. ಮೂರಾಬಿನ್ ಅಂದರೆ ಕೆಸರು. ಚಳಿಗಾಲದ ನಡುವೆ ಅಲ್ಲಿ ಆಡಿದವರ ಜೆರ್ಸಿಯ ಬಣ್ಣ ಯಾವುದೆಂದು ಗುರುತು ಸಿಗುತ್ತಿರಲಿಲ್ಲ. ಎದುರಾಳಿ ತಂಡ ಬರೀ ಆಟಗಾರರ ಜೊತೆಗಲ್ಲ, ಆ ಜಾಗದ ಜೊತೆಗೂ ಸೆಣಸಬೇಕಿತ್ತು. ಇವತ್ತು ತವರಿನ ಲಾಭ ಅನ್ನುತ್ತೇವಲ್ಲ, ಒಂದೇ ಸ್ಟೇಡಿಯಂ ಅನ್ನು ಮೂರು ನಾಲ್ಕು ಕ್ಲಬ್ ಹಂಚಿಕೊಂಡರೆ ಆ ಮಾತಿಗೆ ಅರ್ಥವಾದರೂ ಎಷ್ಟು ಉಳಿಯುತ್ತದೆ?

ಜನ ಹೇಗೆ ಹಿಡಿಸುತ್ತಿದ್ದರೋ! ಕಾಲಿಂಗ್‌ವುಡ್‌ನ ವಿಕ್ಟೋರಿಯಾ ಪಾರ್ಕ್ ಮನೆಗಳ ಸಾಲಿನ ನಡುವೆ ಇರುವ ಮೈದಾನ. 1948ರಲ್ಲಿ ಅಲ್ಲಿ ಒಂದೇ ಪಂದ್ಯಕ್ಕೆ 47,224 ಜನ ಸೇರಿದ್ದರು. ಮೂರಾಬಿನ್‌ನ ಮೊದಲ ಲೀಗ್ ಪಂದ್ಯಕ್ಕೆ, 1965ರಲ್ಲಿ, 51,370. ಬಹುಪಾಲು ಜನ ಔಟರ್‌ನಲ್ಲಿ, ಅಂದರೆ ಸೂರಿಲ್ಲದ ಮೆಟ್ಟಿಲುಗಳ ಮೇಲೆ ಮೈಗೆ ಮೈ ತಾಗಿಸಿ ನಿಂತವರು. ಎದುರಿನವರ ತಲೆ ಅಡ್ಡ ಬಂದರೆ ಖಾಲಿ ಬಿಯರ್ ಡಬ್ಬಗಳ ಮೇಲೆ ಹತ್ತಿ ನಿಲ್ಲುತ್ತಿದ್ದರು. ಮಕ್ಕಳು ಬೇಲಿಗೆ ಅಂಟಿಕೊಂಡು, ಆಟಗಾರರ ಬಿಸಿಯುಸಿರು ಕೇಳುವಷ್ಟು ಹತ್ತಿರ. ಪ್ರತಿ ವಾರ ಅದೇ ಕಂಬದ ಪಕ್ಕ ಅದೇ ಜನ. ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೂ ವರ್ಷಗಟ್ಟಲೆ ಜೊತೆ ನಿಂತವರಿದ್ದರು.

ಕೊನೆಯ ಸೈರನ್ ಆದ ಮೇಲಿನ ಹೊತ್ತು ಇನ್ನೂ ಚೆಂದ. ಬೇಲಿ ಹಾರಿ ಎಲ್ಲರೂ ಅಂಗಳಕ್ಕೆ ಇಳಿಯುತ್ತಿದ್ದರು. ಅಪ್ಪ ಈ ತುದಿ, ಮಗ ಆ ತುದಿ, ನಡುವೆ ಚೆಂಡು. ಕಿಕ್ ಟು ಕಿಕ್ ಅನ್ನುತ್ತಾರೆ ಅದಕ್ಕೆ. ಐದು ನಿಮಿಷದ ಹಿಂದೆ ತನ್ನ ಮೆಚ್ಚಿನ ಆಟಗಾರ ಓಡಾಡಿದ ಕೆಸರಿನಲ್ಲೇ ಹತ್ತು ವರ್ಷದ ಹುಡುಗ ಗೋಲ್ ಹೊಡೆಯುತ್ತಿದ್ದ. ಈಗಲೂ ಕೆಲವು ದಿನ ಅದಕ್ಕೆ ಅವಕಾಶ ಕೊಡುತ್ತಾರೆ, ಆದರೆ ಅವರು ಕೊಟ್ಟಾಗ ಮಾತ್ರ.

ನಮ್ಮೂರ ತೇರನ್ನು ಇನ್ನು ಮುಂದೆ ಜಿಲ್ಲಾ ಕೇಂದ್ರದಲ್ಲಿ ಎಳೆಯುತ್ತೇವೆ, ಅಲ್ಲಿ ರಸ್ತೆ ಅಗಲ, ಕೂರಲು ಕುರ್ಚಿ, ವಾಹನ ನಿಲ್ಲಿಸಲು ಜಾಗ ಎಲ್ಲ ಇದೆ ಅಂದರೆ ನಮಗೆ ಹೇಗಾಗುತ್ತದೆ? ತೇರು ಅದೇ, ದೇವರೂ ಅದೇ. ಆದರೂ ಒಪ್ಪುವುದು ಕಷ್ಟ, ಅಲ್ವಾ?

ಹಾಗಾದರೆ ಯಾಕೆ ಬಿಟ್ಟರು? ದುಡ್ಡಿನ ಆಸೆ ಅಂತ ಒಂದೇ ಮಾತಿನಲ್ಲಿ ಹೇಳುವವರಿದ್ದಾರೆ. ಅದು ಪೂರ್ತಿ ನ್ಯಾಯವಲ್ಲ. ಈ ಮೈದಾನಗಳು ಕ್ಲಬ್‌ಗಳ ಸ್ವಂತದ್ದಾಗಿರಲಿಲ್ಲ. ಹಿಡಿತವೆಲ್ಲ ನಗರಸಭೆ, ಇಲ್ಲವೇ ಮೈದಾನದ ಸಮಿತಿ, ಇಲ್ಲವೇ ಕ್ರಿಕೆಟ್ ಕ್ಲಬ್ ಕೈಯಲ್ಲಿ. ಫುಟಿ ಕ್ಲಬ್ ಬರೀ ಬಾಡಿಗೆದಾರ. ಈ ತಿಕ್ಕಾಟ 1965ರಲ್ಲಿ ಸ್ಫೋಟಿಸಿತು. ಆ ವರ್ಷ ರಿಚ್ಮಂಡ್ ಪಂಟ್ ರೋಡ್ ಓವಲ್ ಬಿಟ್ಟು ಪಾರ್ಕಿನ ಆಚೆ ಬದಿಯ ಎಂಸಿಜಿಗೆ ಹೋಯಿತು. ಸೇಂಟ್ ಕಿಲ್ಡಾ ಜಂಕ್ಷನ್ ಓವಲ್ ಬಿಟ್ಟು ಮೂರಾಬಿನ್‌ಗೆ ಹೋಯಿತು. ನಾರ್ತ್ ಮೆಲ್ಬರ್ನ್ ಕೋಬರ್ಗ್‌ಗೆ ಹೋಗಿ, ಹೊಂದದೆ, ಒಂದೇ ಸೀಸನ್‌ಗೆ ವಾಪಸ್ ಬಂತು. ಸೇಂಟ್ ಕಿಲ್ಡಾಕ್ಕೆ ಹೊಸ ಜಾಗ ಕೈಹಿಡಿಯಿತು. 1966ರಲ್ಲಿ ಒಂದೇ ಒಂದು ಅಂಕದಿಂದ ಕಪ್ ಗೆದ್ದಿತು. ಇವತ್ತಿನವರೆಗೆ ಆ ಕ್ಲಬ್ಬಿನ ಏಕೈಕ ಕಪ್ ಅದು. (ಕ್ರಿಕೆಟ್ ಪ್ರಿಯರಿಗೆ ಒಂದು ಮಾತು: ಶೇನ್ ವಾರ್ನ್ ಹುಡುಗನಾಗಿದ್ದಾಗ ಸೇಂಟ್ ಕಿಲ್ಡಾದ 19ರ ಒಳಗಿನ ತಂಡದಲ್ಲಿ ಫುಟಿ ಆಡಿದವರು. ಜಂಕ್ಷನ್ ಓವಲ್‌ನಲ್ಲಿ ಸೇಂಟ್ ಕಿಲ್ಡಾ ಕ್ರಿಕೆಟ್ ಕ್ಲಬ್‌ಗೂ ಆಡಿದವರು.)

ಬಾಡಿಗೆಯ ಗೋಜಲಿನಿಂದ ಪಾರಾಗಲು ಲೀಗ್ ತನ್ನದೇ ಮೈದಾನ ಕಟ್ಟಿತು. 1970ರಲ್ಲಿ ಮಲ್‌ಗ್ರೇವ್‌ನಲ್ಲಿ ವಿಎಫ್‌ಎಲ್ ಪಾರ್ಕ್ ಶುರುವಾಯಿತು. ಮುಂದೆ ವೇವರ್ಲಿ ಎಂದು ಹೆಸರಾದದ್ದು. ದೊಡ್ಡದು, ವಿಪರೀತ ಚಳಿ, ಬರುತ್ತದೆ ಅಂದಿದ್ದ ರೈಲು ಕೊನೆಗೂ ಬರಲಿಲ್ಲ. ಅಷ್ಟರಲ್ಲಿ ಕ್ಲಬ್‌ಗಳ ಸಾಲ ಬೆಳೆಯುತ್ತಿತ್ತು. ಸೌತ್ ಮೆಲ್ಬರ್ನ್ ತಂಡ 1981ರಲ್ಲಿ ಲೇಕ್ ಓವಲ್‌ಗೆ ವಿದಾಯ ಹೇಳಿ ಮರುವರ್ಷ ಸಿಡ್ನಿಗೇ ಹೋಯಿತು. 1987ರಲ್ಲಿ ಪರ್ತ್ ಮತ್ತು ಬ್ರಿಸ್ಬೇನ್ ತಂಡಗಳು ಸೇರಿದವು. 1990ರಲ್ಲಿ ಲೀಗ್ ಹೆಸರೇ ಎಎಫ್‌ಎಲ್ (ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್) ಆಯಿತು. ದೇಶದ ಉದ್ದಗಲಕ್ಕೆ ಹಬ್ಬಿದ ಲೀಗ್‌ಗೆ ಹಳೇ ಮೆಟ್ಟಿಲು, ಬೆರಳೆಣಿಕೆಯ ಶೌಚಾಲಯ, ಇಕ್ಕಟ್ಟಾದ ಡ್ರೆಸಿಂಗ್ ರೂಮ್ ಸಾಕಾಗುವುದಿಲ್ಲ. ಹೆಂಗಸರಿಗೆ, ವಯಸ್ಸಾದವರಿಗೆ, ವೀಲ್‌ಚೇರಿನಲ್ಲಿ ಬರುವವರಿಗೆ ಆ ಔಟರ್ ಎಂದೂ ಅನುಕೂಲವಾಗಿರಲಿಲ್ಲ. ದೊಡ್ಡ ಪಂದ್ಯಗಳು ಅಲ್ಲಿಂದ ಹೋಗಲೇಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಒಂದೊಂದಾಗಿ ದೀಪ ಆರಿದವು. ಗ್ಲೆನ್‌ಫೆರಿ 1973, ಆರ್ಡನ್ ಸ್ಟ್ರೀಟ್ 1985, ವಿಂಡಿ ಹಿಲ್ 1991, ಮೂರಾಬಿನ್ 1992, ವೆಸ್ಟರ್ನ್ ಓವಲ್ 1997. 1999ರ ಆಗಸ್ಟ್‌ನ ಒಂದೇ ವಾರಾಂತ್ಯದಲ್ಲಿ ಎರಡು ವಿದಾಯ: 28ರ ಶನಿವಾರ ವಿಕ್ಟೋರಿಯಾ ಪಾರ್ಕ್, 29ರ ಭಾನುವಾರ ವೇವರ್ಲಿ. ಹಳೆಯವನ್ನು ನುಂಗಲು ಕಟ್ಟಿದ್ದ ವೇವರ್ಲಿ ಮೂವತ್ತೇ ವರ್ಷಕ್ಕೆ ಅವುಗಳ ಜೊತೆಗೇ ಹೋಯಿತು. ಮರುವರ್ಷ ಡಾಕ್‌ಲ್ಯಾಂಡ್ಸ್‌ನಲ್ಲಿ ಮುಚ್ಚಬಲ್ಲ ಚಾವಣಿಯ ಸ್ಟೇಡಿಯಂ ತೆರೆಯಿತು, ಗಾಳಿ ಮಳೆಯ ಕಾಟ ತಪ್ಪಿತು. ಕಾರ್ಲ್‌ಟನ್‌ನ ಪ್ರಿನ್ಸಸ್ ಪಾರ್ಕ್ ಮಾತ್ರ ಇನ್ನೂ ಸ್ವಲ್ಪ ಕಾಲ ಉಸಿರಾಡಿತು. ಅಲ್ಲಿನ ಕೊನೆಯ ಪಂದ್ಯ 2005ರ ಮೇ 21ಕ್ಕೆ.

ಈ ಪ್ರೀತಿಯ ಮಾತಿನಲ್ಲಿ ಜನ ಬಿಟ್ಟುಬಿಡುವ ಒಂದು ಸಂಗತಿ ಇದೆ. ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1993ರ ಏಪ್ರಿಲ್ 17ರಂದು ವಿಕ್ಟೋರಿಯಾ ಪಾರ್ಕ್‌ನಲ್ಲಿ ಸೇಂಟ್ ಕಿಲ್ಡಾ ಗೆದ್ದಿತು. ಪಂದ್ಯದ ಉದ್ದಕ್ಕೂ ಆ ತಂಡದ ಮೂಲನಿವಾಸಿ ಆಟಗಾರ ನಿಕಿ ವಿನ್ಮಾರ್ ಅವರನ್ನು ಪ್ರೇಕ್ಷಕರು ಬಣ್ಣ ಹಿಡಿದು ಬೈದಿದ್ದರು. ಮುಗಿದ ಮೇಲೆ ಅವರು ಅದೇ ಜನರ ಕಡೆ ತಿರುಗಿ, ಜೆರ್ಸಿ ಎತ್ತಿ, ಹೆಮ್ಮೆಯಿಂದ ತಮ್ಮ ಮೈಯ ಕಪ್ಪು ಚರ್ಮದತ್ತ ಬೆರಳು ತೋರಿಸಿದರು. ಆ ಚಿತ್ರ ಆಸ್ಟ್ರೇಲಿಯಾದ ಮನಸ್ಸನ್ನೇ ಕಲಕಿತು. ಬೇಲಿಯ ಹತ್ತಿರ ನಿಲ್ಲುವ ಸುಖ ಎಲ್ಲರಿಗೂ ಒಂದೇ ರೀತಿ ಇರಲಿಲ್ಲ. ಹಳೇ ಮೈದಾನಗಳನ್ನು ಪ್ರೀತಿಸುವವರು ಇದನ್ನೂ ಜೊತೆಗೇ ನೆನಪಿಡಬೇಕು, ಯಾಕೆಂದರೆ ಇದೂ ಅದೇ ಹುಲ್ಲಿನ ಮೇಲೆ ನಡೆದದ್ದು.

ಮೈದಾನ ಮತ್ತು ಬಡಾವಣೆಯ ನಂಟು ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಫುಟ್‌ಸ್ಕ್ರೇ ಕಥೆ ಕೇಳಿ. ಕಾರ್ಖಾನೆ ಕೆಲಸಗಾರರ, ವಲಸೆ ಬಂದವರ ಬಡಾವಣೆ ಅದು. 1989ರಲ್ಲಿ ಸಾಲದಲ್ಲಿ ಮುಳುಗಿದ್ದ ಈ ಕ್ಲಬ್ಬನ್ನು ಫಿಟ್ಜ್‌ರಾಯ್ ಜೊತೆ ವಿಲೀನ ಮಾಡಲು ಎಲ್ಲ ತಯಾರಿ ನಡೆದಿತ್ತು. ಅಭಿಮಾನಿಗಳು ಕೋರ್ಟಿಗೆ ಹೋದರು, ವೆಸ್ಟರ್ನ್ ಓವಲ್‌ನಲ್ಲಿ ಸಭೆ ಸೇರಿದರು, ಬೀದಿ ಬೀದಿಯಲ್ಲಿ ಡಬ್ಬ ಹಿಡಿದು ಚಿಲ್ಲರೆ ಕೂಡಿಸಿದರು. ಕೆಲವೇ ವಾರಗಳಲ್ಲಿ ಬೇಕಾದ ಹಣ ಸೇರಿತು, ಕ್ಲಬ್ ಉಳಿಯಿತು. ಮುಂದೆ ಹೆಸರು ವೆಸ್ಟರ್ನ್ ಬುಲ್‌ಡಾಗ್ಸ್ ಆಯಿತು, ಮೈದಾನಕ್ಕೆ ಕ್ಲಬ್ಬಿನ ಹಳೇ ಆಟಗಾರ ಟೆಡ್ ವಿಟನ್ ಅವರ ನೆನಪಿನಲ್ಲಿ ವಿಟನ್ ಓವಲ್ ಎಂದು ಹೆಸರಿಟ್ಟರು. 2016ರಲ್ಲಿ 62 ವರ್ಷಗಳ ಮೇಲೆ ಕಪ್ ಬಂತು. ಗೆದ್ದದ್ದು ಎಂಸಿಜಿಯಲ್ಲಿ. ಆದರೆ ಮರುದಿನ ಕಪ್ ತೆಗೆದುಕೊಂಡು ತಂಡ ಬಂದದ್ದು ಎಲ್ಲಿಗೆ ಗೊತ್ತೇ? ಲೀಗ್ ಪಂದ್ಯ ನಿಂತು ಹತ್ತೊಂಬತ್ತು ವರ್ಷವಾಗಿದ್ದ ಅದೇ ವಿಟನ್ ಓವಲ್‌ಗೆ. ಜನ ಅಲ್ಲಿ ಕಾದು ನಿಂತಿದ್ದರು. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ಫಿಟ್ಜ್‌ರಾಯ್‌ಗೆ ಆ ಭಾಗ್ಯ ಇರಲಿಲ್ಲ. ಬ್ರನ್ಸ್‌ವಿಕ್ ಸ್ಟ್ರೀಟ್ ಓವಲ್‌ನಲ್ಲಿ 1966ರ ನಂತರ ಲೀಗ್ ಪಂದ್ಯ ನಡೆಯಲಿಲ್ಲ. ಆಮೇಲೆ ತಂಡ ಮೂವತ್ತು ವರ್ಷ ಬೇರೆಯವರ ಮೈದಾನಗಳಲ್ಲಿ ಅಲೆಯಿತು. 1996ರ ಕೊನೆಯಲ್ಲಿ ಬ್ರಿಸ್ಬೇನ್ ಜೊತೆ ವಿಲೀನವಾಯಿತು. ಮೊದಲು ನೆಲ ಹೋಯಿತು, ಆಮೇಲೆ ಕ್ಲಬ್. ಆದರೂ 2009ರಿಂದ ಫಿಟ್ಜ್‌ರಾಯ್ ಹೆಸರಿನ ತಂಡ ಹವ್ಯಾಸಿ ಲೀಗ್‌ನಲ್ಲಿ ಅದೇ ಹಳೇ ಓವಲ್‌ನಲ್ಲಿ ಆಡುತ್ತಿದೆ. 1888ರ ಮರದ ಸ್ಟ್ಯಾಂಡ್ ಈಗಲೂ ಇದೆ.

ಹಳೇ ದಿನ ಹಾಗೇ ವಾಪಸ್ ಬರಲಿ ಅಂತ ನಾನು ಹೇಳುವುದಿಲ್ಲ. ಆದರೆ ಈ ಮೈದಾನಗಳಿಗೆ ಮತ್ತೆ ಜೀವ ತಂದದ್ದು ಹೆಣ್ಣುಮಕ್ಕಳ ಆಟ, ಅದು ನನಗೆ ತುಂಬ ಖುಷಿಯ ಸಂಗತಿ. ಮಹಿಳೆಯರ ಲೀಗ್‌ನ ಮೊಟ್ಟಮೊದಲ ಪಂದ್ಯ 2017ರ ಫೆಬ್ರುವರಿ 3ರಂದು ಪ್ರಿನ್ಸಸ್ ಪಾರ್ಕ್‌ನಲ್ಲಿ ನಡೆಯಿತು. ಕಾರ್ಲ್‌ಟನ್, ಕಾಲಿಂಗ್‌ವುಡ್ ಎದುರಾದವು. 24,568 ಜನ ಒಳಗೆ, ಗೇಟು ಮುಚ್ಚಿದ ಮೇಲೂ ಹೊರಗೆ ಇನ್ನಷ್ಟು ಜನ. ಲೀಗ್‌ನ ಮುಖ್ಯಸ್ಥರೇ ಹೊರಗೆ ಬಂದು ಕ್ಷಮೆ ಕೇಳಬೇಕಾಯಿತು.

ನೀವೂ ಒಮ್ಮೆ ಹೋಗಿ ನೋಡಿ. ಮಹಿಳೆಯರ ಸೀಸನ್ ಈಗ ಆಗಸ್ಟ್‌ನಿಂದ ನವೆಂಬರ್‌ವರೆಗೆ. ಮೆಲ್ಬರ್ನ್‌ನ ಪಶ್ಚಿಮದ ಕಡೆ ಇರುವವರಿಗೆ ವಿಟನ್ ಓವಲ್ ಹತ್ತಿರ. ವಿಕ್ಟೋರಿಯಾ ಪಾರ್ಕ್‌ಗೆ ಮರ್ಂಡಾ ಅಥವಾ ಹರ್ಸ್ಟ್‌ಬ್ರಿಜ್ ರೈಲು ಹತ್ತಿದರೆ ಅದೇ ಹೆಸರಿನ ಸ್ಟೇಷನ್‌ನಲ್ಲಿ ಇಳಿಯಬಹುದು, ಮೈದಾನ ಪಕ್ಕದಲ್ಲೇ. ಪಂದ್ಯ ಇಲ್ಲದ ದಿನ ಅದು ಎಲ್ಲರಿಗೂ ತೆರೆದ ಪಾರ್ಕ್. ನಿಮ್ಮ ಪಕ್ಕದ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಅವರು ಯಾವ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು ಅಂತ ಕೇಳಿ, ಉಳಿದದ್ದನ್ನು ಅವರೇ ಹೇಳುತ್ತಾರೆ.