ಚೌಕ ಕನ್ನಡಿ, ದುಂಡು ಸೂರ್ಯ

ಬೆರಳಗಲದ ಚೌಕ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿ ಇಪ್ಪತ್ತು ಮೀಟರ್ ದೂರದ ಕತ್ತಲ ಕೋಣೆಯೊಳಗೆ ಬಿಟ್ಟರೆ ಗೋಡೆಯ ಮೇಲೆ ಯಾವ ಆಕಾರ ಬೀಳುತ್ತದೆ? 2019ರ ಡಿಸೆಂಬರ್ ಮೊದಲ ವಾರ, ಅದೇ ತಿಂಗಳ 26ರ ಸೂರ್ಯಗ್ರಹಣದ ತಯಾರಿಗೆಂದು, ಮೈಸೂರು ಸೀಮೆಯ ಒಂದು ಸರ್ಕಾರಿ ಶಾಲೆಯಲ್ಲಿ ಈ ಪ್ರಶ್ನೆ ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ‘ಚೌಕ’ ಎಂದಿತು. ಕಿಟಕಿಗಳಿಗೆ ಕಂಬಳಿ ಕಟ್ಟಿ, ಕನ್ನಡಿಯನ್ನು ಅಂಗಳದಲ್ಲಿಟ್ಟು ತೋರಿಸಿದೆವು. ಗೋಡೆಯ ಮೇಲೆ ಊಟದ ತಟ್ಟೆಗಿಂತ ತುಸು ಚಿಕ್ಕದಾದ ದುಂಡು ಬೆಳಕು ಬಿತ್ತು. ಕನ್ನಡಿಯ ಮೇಲೆ ತ್ರಿಕೋನ ತೂತಿನ ಕಪ್ಪು ಕಾಗದ ಅಂಟಿಸಿದರೂ ದುಂಡೇ. ಮೋಸವಿದೆಯೆಂದು ಇಬ್ಬರು ಹುಡುಗರು ಅಂಗಳಕ್ಕೆ ಓಡಿಹೋಗಿ ಪರೀಕ್ಷಿಸಿ ಬಂದರು.

ಮೋಸವೇನಿಲ್ಲ. ಕನ್ನಡಿಯ ಒಂದೊಂದು ಬಿಂದುವೂ ಗೋಡೆಯ ಮೇಲೆ ಸೂರ್ಯನ ಪೂರ್ಣ ಬಿಂಬವನ್ನೇ ಬಿಡಿಸುತ್ತದೆ. ಗೋಡೆ ದೂರವಾದಂತೆ ಬಿಂಬ ಹಿಗ್ಗುತ್ತದೆ, ಕನ್ನಡಿಯ ಮೂಲೆಗಳು ಆ ದೊಡ್ಡ ಬಿಂಬದ ಅಂಚಿನ ಮಬ್ಬಿನಲ್ಲಿ ಕರಗಿಹೋಗುತ್ತವೆ. ಬಿಂಬದ ಅಗಲವನ್ನು ಅಳೆದು, ಗೋಡೆಯಿಂದ ಕನ್ನಡಿಗಿರುವ ದೂರವನ್ನು ಅದರಿಂದ ಭಾಗಿಸಿದರೆ ಸುಮಾರು 108 ಬರುತ್ತದೆ. ಸೂರ್ಯನ ದೂರವನ್ನು ಸೂರ್ಯನ ವ್ಯಾಸದಿಂದ ಭಾಗಿಸಿದರೂ ಅಷ್ಟೇ. ದೂರ 15 ಕೋಟಿ ಕಿಲೋಮೀಟರ್ ಎಂದು ಗೊತ್ತಿದ್ದರೆ ವ್ಯಾಸ ಸುಮಾರು 14 ಲಕ್ಷ ಕಿಲೋಮೀಟರ್ ಎಂದು ಏಳನೇ ತರಗತಿಯ ಮಕ್ಕಳೇ ಲೆಕ್ಕ ಹಾಕುತ್ತಾರೆ. (108 ಎಂದೊಡನೆ ಜಪಮಾಲೆ ನೆನಪಿಸುವವರು ಇದ್ದೇ ಇರುತ್ತಾರೆ. ವರ್ಷವಿಡೀ ಅಳೆದರೆ ಆ ಸಂಖ್ಯೆ 106ರಿಂದ 109ರವರೆಗೆ ಓಲಾಡುತ್ತದೆ ಎಂದು ಅವರಿಗೆ ಹೇಳಿ ಸುಮ್ಮನಾಗುತ್ತೇನೆ.)

ಗ್ರಹಣ ಮೂರು ವಾರ ದೂರವಿರುವಾಗ ಇದನ್ನೆಲ್ಲ ಮಾಡುವುದೇಕೆ? ಗ್ರಹಣದ ದಿನವೇ ಮೊದಲ ಬಾರಿಗೆ ಈ ಬಿಂಬ ತೋರಿಸಿದರೆ, ಅಂಚು ಮುರಿದ ಬಿಲ್ಲೆಯನ್ನು ಕಂಡ ಮಗು ಕನ್ನಡಿಯೇ ಒಡೆದಿದೆ ಎಂದುಕೊಳ್ಳುತ್ತದೆ. ದುಂಡು ಸೂರ್ಯನನ್ನು ಹತ್ತು ಸಲ ನೋಡಿದ ಕಣ್ಣಿಗೆ ಮಾತ್ರ ಕಚ್ಚಿದ ಗುರುತು ಕಚ್ಚಿದ್ದಾಗಿಯೇ ಕಾಣುತ್ತದೆ. ಟೀ ಶರ್ಟು, ಬ್ಯಾನರು, ಭಾಷಣಗಳಿಗೆ ಓಡಾಡುವ ಸಮಿತಿಗಳು ಮರೆಯುವುದು ಈ ಸಾದಾ ಸೂರ್ಯನ ತಾಲೀಮನ್ನೇ.

ಉಪಕರಣ ಎಂಥದ್ದೆಂದರೆ, ಪ್ಲಾಸ್ಟಿಕ್ ಚೆಂಡಿನಲ್ಲಿ ತೂತು ಕೊರೆದು ಮರಳು ತುಂಬಿ ಮುಚ್ಚಬೇಕು, ಮೇಲೊಂದು ಕನ್ನಡಿಚೂರು ಅಂಟಿಸಬೇಕು, ಖಾಲಿಯಾದ ಟೇಪಿನ ಬಳೆಯ ಮೇಲೆ ಕೂರಿಸಬೇಕು. ಯಾವ ಕಡೆ ಹೊರಳಿಸಿದರೂ ಅಲ್ಲೇ ನಿಲ್ಲುತ್ತದೆ. ನಾವು ಮೊದಲ ದಿನ ಹಸಿ ಮರಳು ತುಂಬಿದ್ದರಿಂದ ಕನ್ನಡಿ ಕಿತ್ತುಬಂತು, ಆ ಮಾತು ಬೇರೆ. ಆದರೆ ಚೆಂಡು ಅಲುಗದಿದ್ದರೂ ಬಿಂಬ ಗೋಡೆಯ ಮೇಲೆ ಜರುಗುತ್ತಿತ್ತು. ಎರಡು ನಿಮಿಷಕ್ಕೆ ತನ್ನ ಅಗಲದಷ್ಟು. ‘ಸರ್, ಅದನ್ನು ಯಾರು ತಳ್ಳುತ್ತಿದ್ದಾರೆ?’ ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಭೂಮಿ ತಿರುಗುವುದನ್ನು ಅದಕ್ಕಿಂತ ಸುಲಭವಾಗಿ ತೋರಿಸುವ ದಾರಿ ನನಗೆ ಗೊತ್ತಿಲ್ಲ.

ನಮ್ಮ ನೆಲಕ್ಕೆ ಗ್ರಹಣದ ವಿಜ್ಞಾನ ಹೊಸದಲ್ಲ. 1868ರ ಆಗಸ್ಟ್ 18ರ ಖಗ್ರಾಸದಲ್ಲಿ (ಚಂದ್ರ ಸೂರ್ಯನನ್ನು ಪೂರ್ತಿ ಮುಚ್ಚುವ ಗ್ರಹಣ) ಜಾನ್ ಹರ್ಷೆಲ್ ಎಂಬ ಸೇನಾ ಎಂಜಿನಿಯರ್ ಜಮಖಂಡಿಯಲ್ಲಿ ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕ ಹೂಡಿ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಕಂಡಿದ್ದ. ಅವು ಕಾದ ಅನಿಲದ ಗುರುತು. 1980ರ ಫೆಬ್ರವರಿ 16ರ ಖಗ್ರಾಸಕ್ಕೆ ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಬೀಡುಬಿಟ್ಟಿದ್ದರು. ಅದೇ ಮಧ್ಯಾಹ್ನ ಜನ ಹೊರಗೆ ಬಾರದಿರಲೆಂದು ದೂರದರ್ಶನ ಹಿಂದಿ ಸಿನಿಮಾ ಹಾಕಿತು. ಊರುಗಳ ಬೀದಿಗಳು ಬಿಕೋ ಎಂದವು. ಸೂರ್ಯ ಪೂರ್ತಿ ಮುಚ್ಚುವ ಆ ಕೆಲವೇ ಕ್ಷಣಗಳು ಮಾತ್ರ ಬರಿಗಣ್ಣಿಗೆ ಸುರಕ್ಷಿತ. ಅವು ತಲೆಯ ಮೇಲೆಯೇ ಹಾದುಹೋದರೂ ಕದ ಹಾಕಿಕೊಂಡವರ ಬಗ್ಗೆ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಕಣ್ಣಿಗೆ ಸರಿಯಾದ ಕನ್ನಡಕ ಕೊಡದೆ ‘ನೋಡಬೇಡಿ’ ಎಂದಷ್ಟೇ ಹೇಳಿದವರು ಓದಿದವರೇ ಅಲ್ಲವೇ?

ಕಣ್ಣಿನ ಭಯ ಸುಳ್ಳಲ್ಲ. ಸೂರ್ಯ ಹುಣ್ಣಿಮೆ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ಶೇ 90ರಷ್ಟು ಮುಚ್ಚಿದರೂ ಉಳಿದದ್ದು ಹೆಚ್ಚುಕಡಿಮೆ 40 ಸಾವಿರ ಹುಣ್ಣಿಮೆಗಳ ಬೆಳಕು. ಅಕ್ಷಿಪಟಲಕ್ಕೆ ನೋವು ತಿಳಿಯುವ ನರಗಳಿಲ್ಲ, ಹಾಗಾಗಿ ಸುಡುವಾಗ ಗೊತ್ತಾಗುವುದಿಲ್ಲ. ನೋಟದ ನಟ್ಟನಡುವೆ ಕಲೆ ಮೂಡುವುದು ಗಂಟೆಗಳ ನಂತರ. ಗ್ರಹಣದ ಕನ್ನಡಕ ಬೆಳಕನ್ನು 30 ಸಾವಿರದಲ್ಲಿ ಒಂದು ಪಾಲಿಗೆ ಇಳಿಸಬೇಕು. ಅದನ್ನು ಹಾಕಿಕೊಂಡು ಮನೆಯೊಳಗೆ ನಡೆದರೆ ಬಾಗಿಲಿಗೆ ಹಣೆ ಬಡಿಯುವಷ್ಟು ಕತ್ತಲಿರಬೇಕು. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು ಇವಾವುವೂ ಸಲ್ಲವು.

ಇಲ್ಲಿ ಅಜ್ಜಿಯರ ಸೆಗಣಿ ನೀರಿನ ಪ್ರಶ್ನೆ ಬರುತ್ತದೆ. ತಟ್ಟೆಯಲ್ಲಿ ಸೆಗಣಿ ಕದಡಿದ ನೀರಿಟ್ಟು ಅದರಲ್ಲಿ ಗ್ರಹಣ ನೋಡುವುದು ಹಳೆಯ ರೂಢಿ. ನೇರ ನೋಡಬಾರದೆಂಬ ತಿಳಿವಳಿಕೆ ಅದರಲ್ಲಿತ್ತು, ಆ ಮಟ್ಟಿಗೆ ಗೌರವಿಸೋಣ. ಆದರೆ ನೀರಿನ ಮೇಲ್ಮೈ ನೂರರಲ್ಲಿ ಎರಡು ಪಾಲನ್ನಾದರೂ ಹಿಂದೆ ಕಳಿಸುತ್ತದೆ. 4 ಲಕ್ಷದಲ್ಲಿ ಅದು 8 ಸಾವಿರ ಹುಣ್ಣಿಮೆ! ಒನಕೆಯ ವಿಷಯ ಇನ್ನೂ ಸುಲಭ. ಗ್ರಹಣ ಹಿಡಿದಾಗ ಮಾತ್ರ ಒನಕೆ ನೀರಿನ ತಟ್ಟೆಯಲ್ಲಿ ನಿಲ್ಲುತ್ತದೆ ಎಂಬ ನಂಬಿಕೆಗೆ ವಾದ ಬೇಡ, ಯಾವುದಾದರೊಂದು ಸೋಮವಾರ ನಿಲ್ಲಿಸಿ ತೋರಿಸಿದರೆ ಸಾಕು. ತಳ ಸಮತಟ್ಟಾಗಿರುವ ಒನಕೆ ಸ್ವಲ್ಪ ತಾಳ್ಮೆಯಿದ್ದರೆ ಎಂದಾದರೂ ನಿಲ್ಲುತ್ತದೆ.

ಡಿಸೆಂಬರ್ 26ರ ಬೆಳಿಗ್ಗೆ ಎಂಟರ ಸುಮಾರಿಗೆ ಸ್ಪರ್ಶ, ಒಂಬತ್ತೂವರೆ ಹೊತ್ತಿಗೆ ಗರಿಷ್ಠ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವ ಜನವರಿ 5ಕ್ಕೆ ಕೆಲವೇ ದಿನಗಳಿದ್ದುದರಿಂದ ಸೂರ್ಯ ತುಸು ದೊಡ್ಡವನಾಗಿದ್ದ, ಚಂದ್ರನಿಗೆ ಅವನನ್ನು ಪೂರ್ತಿ ಮುಚ್ಚಲಾಗಲಿಲ್ಲ. ಮಂಗಳೂರು, ಕೊಡಗಿನ ಕುಟ್ಟ, ಕಾಸರಗೋಡು ಜಿಲ್ಲೆಯ ಚೆರುವತ್ತೂರಿನವರಿಗೆ ಕಂಕಣವೇ, ಅಂದರೆ ಬಳೆಯಂತೆ ಅಂಚಷ್ಟೇ ಉಳಿದ ಸೂರ್ಯನೇ ದಕ್ಕಿತು. ನಮಗೆ ದಕ್ಕಿದ್ದು ಕುಡುಗೋಲಿನಂಥ ಸೂರ್ಯ, ಅದೂ ನೂರಾರು. ಕನ್ನಡಿಯಂತೆಯೇ ಬಿಂಬ ಬಿಡಿಸುವ ಹೊಂಗೆ ಮರದ ಎಲೆಗಳ ಸಂದಿಯಿಂದ ಅಂಗಳದ ತುಂಬ ಕುಡುಗೋಲುಗಳು ಬಿದ್ದಿದ್ದವು. ಬಿಸಿಯೂಟದ ಅಡುಗೆಯವರು ಬೂಂದಿ ಕರಿಯುವ ಜಾಲರಿ ಸಟ್ಟುಗ ತಂದು, ತಾವೇ ಒಂದು ಸಾಲು ಕುಡುಗೋಲು ಬಿಡಿಸಿದರು. ಅದನ್ನು ನಾವು ಯಾರೂ ಹೇಳಿಕೊಟ್ಟಿರಲಿಲ್ಲ.

ಅದೇ ಬೆಳಿಗ್ಗೆ ಕಲಬುರಗಿಯ ಬಳಿ ಅಂಗವೈಕಲ್ಯ ಗುಣವಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದರೆಂದು ಮರುದಿನ ಓದಿದೆ.

ಮುಂದಿನ ತಯಾರಿಗೆ ದಿನಾಂಕಗಳು ಸಿದ್ಧವಾಗಿವೆ. 2027ರ ಆಗಸ್ಟ್ 2ರ ಖಗ್ರಾಸ ಈಜಿಪ್ಟಿನ ಲಕ್ಸರ್‌ನಂಥ ಕಡೆ ಆರು ನಿಮಿಷ ಮೀರುತ್ತದೆ. ನಮಗೆ ಸಿಗುವುದು ಸೂರ್ಯನ ಒಂದು ಭಾಗವಷ್ಟೇ ಮುಚ್ಚುವ ಸಂಜೆಯ ಪಾರ್ಶ್ವ ಗ್ರಹಣ, ಅದೂ ಮಳೆಮೋಡ ಬಿಟ್ಟುಕೊಟ್ಟರೆ. 2031ರ ಮೇ 21ರಂದು ಕೊಚ್ಚಿ, ಮಧುರೈಗಳ ಮೇಲೆ ಮತ್ತೊಂದು ಕಂಕಣ ಹಾಯುತ್ತದೆ, ಕರ್ನಾಟಕದಲ್ಲಿ ದೊಡ್ಡ ಪಾರ್ಶ್ವ ಗ್ರಹಣ. ಆದರೆ ಅದು ಬೇಸಿಗೆ ರಜೆ, ಮಕ್ಕಳೆಲ್ಲ ಅಜ್ಜಿ ಮನೆಗಳಲ್ಲಿ ಚದುರಿಹೋಗಿರುತ್ತಾರೆ. ಆ ವರ್ಷ ಪರೀಕ್ಷೆ ಮುಗಿಯುವ ಮುಂಚೆಯೇ ಒಬ್ಬೊಬ್ಬರ ಚೀಲಕ್ಕೂ ಒಂದೊಂದು ಕನ್ನಡಿಚೆಂಡು ಹಾಕಿ ಕಳಿಸಬೇಕು, ಮರಳು ಒಣಗಿದೆಯೇ ಎಂದು ನೋಡಿಕೊಂಡು.